ತಮೆಶಿಗಿರಿಗೆ ಕತ್ತಿ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಖಡ್ಗವಿದ್ಯೆಯಲ್ಲಿ ನೆನೆಸಿದ ಚಾಪೆಯ ಸುರುಳಿಯನ್ನೋ ಹಸಿ ಬಿದಿರನ್ನೋ ಹರಿತದ ಕತ್ತಿಯಿಂದ ಕಡಿಯುವ ಅಭ್ಯಾಸಕ್ಕೆ ತಮೆಶಿಗಿರಿ ಎಂದು ಹೆಸರು. ಹರಿತವಿರುವ ಆ ನಿಜ ಕತ್ತಿ ಶಿಂಕೆನ್. ಕೊಳ್ಳಲು ಹೊರಟವರು ಮೊದಲು ಕೇಳುವುದು ಉಕ್ಕಿನ ಹೆಸರು, ಆಮೇಲೆ ಅಲಗಿನ ಅಂದ. ಹಿಡಿ ಹೇಗಿದೆ ಎಂದು ಕೇಳುವವರು ಕಡಿಮೆ. ಅಪಾಯ ಶುರುವಾಗುವುದು ಮಾತ್ರ ಬಹಳ ಸಲ ಹಿಡಿಯಲ್ಲೇ. ಕೆಳಗಿನ ಉತ್ತರಗಳಲ್ಲಿ ಹಿಡಿಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ನನ್ನ ಬಳಿ ಇಯಾಯಿತೊ, ಎಂದರೆ ಹರಿತವಿಲ್ಲದ ಅಭ್ಯಾಸದ ಕತ್ತಿ, ಇದೆ. ಅದಕ್ಕೇ ಸಾಣೆ ಹಿಡಿಸಿದರೆ ಸಾಲದೆ?

ಸಾಲದು, ಹಿಡಿಸಲೂ ಬಾರದು. ಜಪಾನಿನಲ್ಲಿ ತಯಾರಾಗುವ ಇಯಾಯಿತೊಗಳ ಅಲಗು ಸಾಮಾನ್ಯವಾಗಿ ಸತು ಮತ್ತು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದ ಮಿಶ್ರಲೋಹ. ಅಲ್ಲಿನ ಕಾನೂನಿನ ಕಣ್ಣಿಗೆ ಅದು ಕತ್ತಿಯಾಗಬಾರದೆಂದೇ ಹರಿತ ನಿಲ್ಲದ ಲೋಹವನ್ನು ಬಳಸುತ್ತಾರೆ. ಕತ್ತಿ ಸೆಳೆಯುವ, ಮತ್ತೆ ಒರೆಗಿಡುವ ಅಭ್ಯಾಸಕ್ಕೆ ಅದು ಸರಿಯಾದ ಸಾಧನ. ಗಟ್ಟಿ ಗುರಿಗೆ ಹೊಡೆದರೆ ಮಾತ್ರ ಬಾಗುವುದಕ್ಕೂ ಮೊದಲೇ ಮುರಿಯುತ್ತದೆ, ಅದೂ ಹಿಡಿಯ ಹತ್ತಿರ.

ಗೋಡೆಗೆ ತೂಗುಹಾಕುವ ಸ್ಟೇನ್‌ಲೆಸ್ ಸ್ಟೀಲ್ ಕತ್ತಿ ಇನ್ನೂ ಕೆಟ್ಟದ್ದು. ಅದರ ಅಲಗು ಹಿಡಿಯೊಳಗೆ ಹೋಗುತ್ತಲೇ ಮುಗಿದು, ಅಲ್ಲಿಂದ ಮುಂದೆ ಬೆಸುಗೆ ಹಾಕಿದ ತೆಳು ಕಂಬಿಯೊಂದೇ ಇರುತ್ತದೆ. ಬೀಸಿದಾಗ ಬೆಸುಗೆ ಬಿಟ್ಟರೆ ಅಲಗು ಎತ್ತ ಹಾರುತ್ತದೆ ಎಂದು ಹೇಳಲಾಗದು. ಗುರಿಯಿಲ್ಲದೆ ಗಾಳಿಯಲ್ಲಿ ಬೀಸುವುದಕ್ಕೂ ಅದು ಬೇಡ.

ಎಷ್ಟು ಕಾಲ ಕಲಿತ ಮೇಲೆ ಕೊಳ್ಳಬಹುದು?

ನಿಮ್ಮ ಗುರುಗಳು ಹೇಳಿದ ಮೇಲೆ. ಅದಕ್ಕೂ ಮೊದಲು ದೋಜೋದ, ಎಂದರೆ ಅಭ್ಯಾಸ ಶಾಲೆಯ, ಕತ್ತಿಯಲ್ಲಿ ಅವರ ಕಣ್ಣೆದುರೇ ಕಡಿದು ನೋಡಿ. ಎರಡು ಮೂರು ಉದ್ದ, ಎರಡು ಮೂರು ತೂಕದ ಕತ್ತಿಗಳನ್ನು ಕೈಯಲ್ಲಿ ಹಿಡಿದವರಿಗೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಕ್ಕಿರುತ್ತದೆ.

ಅಲಗಿನ ಉದ್ದ ಎಷ್ಟಿರಬೇಕು?

ಉದ್ದವನ್ನು ಅಲಗಿನ ಬೆನ್ನು ಹಬಕಿಯನ್ನು, ಎಂದರೆ ಬುಡದ ಲೋಹದ ಪಟ್ಟಿಯನ್ನು, ಸೇರುವ ಕಚ್ಚಿನಿಂದ ಮೊನೆಯವರೆಗೆ ನೇರ ಗೆರೆಯಲ್ಲಿ ಅಳೆಯುತ್ತಾರೆ. ಬಾಗು ಹಿಡಿದು ಅಳೆಯುವುದಿಲ್ಲ, ಹಿಡಿಯೂ ಲೆಕ್ಕಕ್ಕಿಲ್ಲ. ಈ ಅಳತೆಗೆ ನಗಾಸ ಎನ್ನುತ್ತಾರೆ. ಮಾರುವವರು ಶಾಕು, ಸುನ್, ಬು ಲೆಕ್ಕದಲ್ಲಿ ಹೇಳುತ್ತಾರೆ: 1 ಶಾಕು 30.3 ಸೆಂ.ಮೀ., 1 ಸುನ್ 3.03 ಸೆಂ.ಮೀ., 1 ಬು ಸುಮಾರು 3 ಮಿ.ಮೀ. 2 ಶಾಕು 4 ಸುನ್ ಎಂದರೆ 72.7 ಸೆಂ.ಮೀ.

ಎತ್ತರ 160 ಸೆಂ.ಮೀ. ಇರುವವರಿಗೆ 2 ಶಾಕು 3 ಸುನ್ ಆಸುಪಾಸು, 170 ಇರುವವರಿಗೆ 2 ಶಾಕು 4 ಸುನ್, 180 ಇರುವವರಿಗೆ 2 ಶಾಕು 5 ಸುನ್ ಎಂಬುದು ಎಲ್ಲೆಡೆ ಕೇಳಿಬರುವ ಲೆಕ್ಕ. ಶುರು ಮಾಡುವುದಕ್ಕೆ ಇದು ಸಾಕು. ಆದರೆ ಒಂದೇ ಎತ್ತರದ ಇಬ್ಬರ ತೋಳು ಒಂದೇ ಉದ್ದ ಇರುವುದಿಲ್ಲ. ಕೈಯಲ್ಲಿ ಕತ್ತಿ ಹಿಡಿದು ತೋಳನ್ನು ಪಕ್ಕಕ್ಕೆ ಸಡಿಲವಾಗಿ ಇಳಿಬಿಟ್ಟಾಗ ಮೊನೆ ನೆಲಕ್ಕೆ ತಗಲದೆ ಸ್ವಲ್ಪ ಮೇಲೆ ನಿಲ್ಲಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಸೆಳೆಯುವುದು. ಹರಿತವಿಲ್ಲದ ಅಷ್ಟೇ ಉದ್ದದ ಕತ್ತಿಯನ್ನು ನಿಧಾನವಾಗಿ ಎಳೆಯಿರಿ. ಮೊನೆ ಒರೆಯ ಬಾಯಿ ದಾಟುವ ಹೊತ್ತಿಗೆ ಬಲಭುಜ ಮೇಲೆದ್ದರೆ ಅಥವಾ ಸೊಂಟದಿಂದ ಮುಂದಕ್ಕೆ ಬಾಗಬೇಕಾಗಿ ಬಂದರೆ ಆ ಅಲಗು ನಿಮಗೆ ಉದ್ದ.

ಶಾಲೆಯ, ಎಂದರೆ ರ್‍ಯುವಿನ, ಪದ್ಧತಿಯನ್ನೂ ನೋಡಬೇಕು. ಟೊಯಾಮ ರ್‍ಯು 1925ರಲ್ಲಿ ಜಪಾನಿ ಸೇನೆಯ ಟೊಯಾಮ ಶಾಲೆಯಲ್ಲಿ ಅಧಿಕಾರಿಗಳಿಗಾಗಿ ರೂಪುಗೊಂಡದ್ದು. ಅದರ ಕಟಾಗಳು, ಎಂದರೆ ಕ್ರಮ ಕಟ್ಟಿದ ಅಭ್ಯಾಸಗಳು, ಎಲ್ಲ ನಿಂತೇ ಮಾಡುವಂಥವು. ಮಂಡಿಯೂರಿ ಕುಳಿತಲ್ಲಿಂದ ಸೆಳೆಯುವ ಮುಸೊ ಜಿಕಿದೆನ್ ಎಯ್‌ಶಿನ್ ರ್‍ಯು, ಮುಸೊ ಶಿಂದೆನ್ ರ್‍ಯು ಕಲಿಯುವವರಿಗೆ ಒಂದು ಸುನ್ ಹೆಚ್ಚಾದರೂ ತೊಡಕು ತಕ್ಷಣ ಗೊತ್ತಾಗುತ್ತದೆ. ಎರಡು ಅಳತೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಗಿಡ್ಡದ್ದನ್ನೇ ತೆಗೆದುಕೊಳ್ಳಿ. ಉದ್ದ ಅಲಗು ಒರೆಗೆ ಮರಳುವಾಗ ಎಡಗೈಯ ಹೆಬ್ಬೆರಳ ಬುಡವನ್ನು ಕೊಯ್ಯುವ ಸಂಭವ ಹೆಚ್ಚು.

ತೂಕ?

ಒರೆ ಬಿಟ್ಟು 1000ರಿಂದ 1200 ಗ್ರಾಂ ಬಹುಪಾಲು ಜನರಿಗೆ ಸರಿ. ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಕತ್ತಿ ಒರೆಯಿಂದ ಹೊರಗಿದ್ದಾಗ ಅದರ ಬೆನ್ನನ್ನು ಬಟ್ಟೆ ಸುತ್ತಿದ ಅಂಚಿನ ಮೇಲಿಟ್ಟು ಸಮತೂಕದ ಬಿಂದು ಹುಡುಕಿ. ಅದು ತ್ಸುಬಾದಿಂದ, ಎಂದರೆ ಕೈ ಕಾಯುವ ಬಿಲ್ಲೆಯಿಂದ, 12ರಿಂದ 15 ಸೆಂ.ಮೀ. ಮುಂದೆ ಇದ್ದರೆ ಆಳುವುದು ಸುಲಭ. 18 ದಾಟಿದರೆ ಮೊನೆ ಭಾರ. ಬೀಸು ಶುರುವಾದ ಮೇಲೆ ನಿಲ್ಲಿಸುವುದು ಕಷ್ಟ. ನಿಲ್ಲದ ಕತ್ತಿ ಗುರಿಯನ್ನು ದಾಟಿ ನೆಲಕ್ಕೆ ಬಡಿಯುತ್ತದೆ ಅಥವಾ ಮುಂದಿಟ್ಟ ಎಡಗಾಲಿನತ್ತ ಬರುತ್ತದೆ.

ಅಗಲವಾದ, ತೆಳುವಾದ ಅಲಗು ಚೆನ್ನಾಗಿ ಕಡಿಯುತ್ತದೆಯಂತೆ. ಅದನ್ನೇ ಕೊಳ್ಳಲೆ?

ಚಾಪೆಯನ್ನು ಚೆನ್ನಾಗಿ ಕಡಿಯುತ್ತದೆ ಎಂಬುದು ನಿಜ. ಬುಡದಲ್ಲಿ 35 ಮಿ.ಮೀ.ಗಿಂತ ಹೆಚ್ಚು ಅಗಲ, 6 ಮಿ.ಮೀ. ಅಥವಾ ಅದಕ್ಕೂ ಕಡಿಮೆ ದಪ್ಪ, ಪಕ್ಕಗಳು ಉಬ್ಬಿಲ್ಲದೆ ಚಪ್ಪಟೆ. ಇಂಥ ಅಲಗು ನೆನೆದ ಹುಲ್ಲಿನೊಳಗೆ ತಡೆಯಿಲ್ಲದೆ ಇಳಿಯುತ್ತದೆ. ಸ್ಪರ್ಧೆಯಲ್ಲಿ ಹಲವು ಸುರುಳಿಗಳನ್ನು ಒಟ್ಟಿಗೆ ನಿಲ್ಲಿಸಿ ಕಡಿಯುವವರು ಅದನ್ನು ಬಳಸುವುದು ಈ ಕಾರಣಕ್ಕೆ.

ಹೊಸಬರಿಗೆ ಅದರಿಂದ ಎರಡು ನಷ್ಟ. ಒಂದು, ಕಡಿತದ ಕೋನ ಸ್ವಲ್ಪ ತಪ್ಪಿದರೂ ಅದು ಕಡಿದುಬಿಡುತ್ತದೆ. ತಪ್ಪು ನಿಮಗೆ ಗೊತ್ತೇ ಆಗುವುದಿಲ್ಲ. ಎರಡು, ಕೋನ ಹೆಚ್ಚು ತಪ್ಪಿದರೆ ಅಥವಾ ಅಲಗು ಸ್ಟ್ಯಾಂಡಿನ ಮರದ ಗೂಟಕ್ಕೆ ತಗಲಿದರೆ ಬಾಗುತ್ತದೆ. ಬಿದಿರಿಗೆ ಹೊಡೆದರೆ ಅಂಚು ಚಕ್ಕೆಯೇಳುತ್ತದೆ. ಅಂಚಿನ ಹಿಂದೆ ಅಲಗಿನ ಪಕ್ಕದಲ್ಲಿರುವ ಮೆಲುವಾದ ಉಬ್ಬಿಗೆ ನಿಕು ಎನ್ನುತ್ತಾರೆ. ಗಟ್ಟಿ ಗುರಿಯ ಹೊಡೆತದಲ್ಲಿ ಅಂಚಿಗೆ ಒತ್ತಾಸೆ ಕೊಡುವುದು ಅದು. ಮೊದಲ ಕತ್ತಿಗೆ ಬುಡದ ಅಗಲ 31ರಿಂದ 33 ಮಿ.ಮೀ., ದಪ್ಪ 6.5ರಿಂದ 7.5 ಮಿ.ಮೀ., ಕೊಂಚ ನಿಕು ಇರಲಿ. ಚಾಪೆ ಸ್ವಲ್ಪ ಹೆಚ್ಚು ತಡೆ ಕೊಡುತ್ತದೆ, ಆ ತಡೆಯೇ ಕೈ ತಿದ್ದುತ್ತದೆ.

ಅಲಗಿನ ಉದ್ದಕ್ಕೂ ಕಾಲುವೆ ಇರುವುದು ಬೇಕೆ?

ಆ ಕಾಲುವೆಗೆ ಹಿ ಎನ್ನುತ್ತಾರೆ. ಅದರಿಂದ ತೂಕ ಇಳಿಯುತ್ತದೆ, ಅಂಚು ಬೀಸಿನ ದಿಕ್ಕಿಗೆ ಸರಿಯಾಗಿ ಕೂತಾಗ ಗಾಳಿ ಸೀಳುವ ಸದ್ದು ಬರುತ್ತದೆ. ಕಟಾ ಅಭ್ಯಾಸಕ್ಕೆ ಆ ಸದ್ದು ಉಪಕಾರಿ. ಕಡಿಯುವ ಕತ್ತಿಗೆ ಬೇಡ. ಕೋನ ತಪ್ಪಿದ ಹೊಡೆತದಲ್ಲಿ ಹಿ ಇರುವ ಅಲಗು ಪಕ್ಕಕ್ಕೆ ಬಾಗುವುದು ಬೇಗ.

ಯಾವ ಉಕ್ಕು ಒಳ್ಳೆಯದು?

ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ದೊಡ್ಡದು. 1045, 1060, 1095 ಎಂಬ ಸಂಖ್ಯೆಗಳ ಕೊನೆಯ ಎರಡು ಅಂಕಿ ಇಂಗಾಲದ ಪ್ರಮಾಣ: 0.45, 0.60, 0.95 ಶೇಕಡಾ. ಇಂಗಾಲ ಏರಿದಷ್ಟೂ ಅಂಚು ಗಡಸಾಗಬಲ್ಲದು. ಹದ ಕೆಟ್ಟರೆ ಅಷ್ಟೇ ಬೇಗ ಚಕ್ಕೆಯೂ ಏಳುತ್ತದೆ. ಟಿ10 ಎನ್ನುವುದು ಸುಮಾರು 1 ಶೇಕಡಾ ಇಂಗಾಲದ ಚೀನೀ ಉಪಕರಣ ಉಕ್ಕು. 5160, 9260 ಸ್ಪ್ರಿಂಗ್ ಉಕ್ಕುಗಳು.

ಹದದಲ್ಲಿ ಎರಡು ದಾರಿ. ಜಪಾನಿ ಪದ್ಧತಿಯಲ್ಲಿ ಬೆನ್ನಿಗೆ ದಪ್ಪವಾಗಿ, ಅಂಚಿಗೆ ತೆಳುವಾಗಿ ಜೇಡಿಮಣ್ಣು ಬಳಿದು, ಕಾಯಿಸಿ ನೀರಿಗೆ ಅದ್ದುತ್ತಾರೆ. ಅಂಚು ಬೇಗ ತಣಿದು ಗಡಸಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಮೆತುವಾಗಿ ಉಳಿಯುತ್ತದೆ. ಎರಡರ ನಡುವೆ ಮೂಡುವ ಗೆರೆಯೇ ಹಾಮೊನ್. ಇಂಥ ಅಲಗಿನ ಅಂಚು ಚೂಪನ್ನು ಬಹಳ ಕಾಲ ಹಿಡಿದಿಡುತ್ತದೆ, ಆದರೆ ತಪ್ಪು ಹೊಡೆತಕ್ಕೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಇನ್ನೊಂದು, ಇಡೀ ಅಲಗಿಗೆ ಒಂದೇ ಹದ ಕೊಡುವುದು. ಅಂಚಿನ ಗಡಸುತನ ಸ್ವಲ್ಪ ಕಡಿಮೆ, ಆದರೆ ಬಾಗಿದ ಅಲಗು ಹಿಂದಕ್ಕೆ ಪುಟಿಯುತ್ತದೆ. ಹಾಸುಜಿ, ಎಂದರೆ ಅಂಚಿನ ದಿಕ್ಕು ಮತ್ತು ಬೀಸಿನ ದಿಕ್ಕು ಒಂದಾಗುವುದು, ಇನ್ನೂ ಪಳಗದವರಿಗೆ ಒಂದೇ ಹದದ 1060 ಅಥವಾ ಸ್ಪ್ರಿಂಗ್ ಉಕ್ಕು ಹೆಚ್ಚು ಕ್ಷಮಿಸುತ್ತದೆ. ಅದರ ಮೇಲೆ ಹಾಮೊನ್‌ನಂತೆ ಆಸಿಡ್ಡಿನಲ್ಲಿ ಬರೆದ ಗೆರೆ ಇದ್ದರೆ ಅದು ಅಲಂಕಾರ ಮಾತ್ರ, ಬೆಲೆ ಕೊಡಬೇಡಿ.

ಮಡಿಸಿ ಬಡಿದ ಉಕ್ಕು ನೋಡಲು ಚೆಂದ. ಇಂದಿನ ಶುದ್ಧ ಉಕ್ಕನ್ನು ಮಡಿಸುವುದರಿಂದ ಬಲವೇನೂ ಹೆಚ್ಚುವುದಿಲ್ಲ. ಪದರ ಸರಿಯಾಗಿ ಬೆಸೆಯದ ಕಡೆ ದೋಷ ಉಳಿಯುತ್ತದೆ. ಆ ಹಣವನ್ನು ಹಿಡಿಗೆ ಹಾಕಿ.

ಹಿಡಿಯಲ್ಲಿ ಏನೇನು ನೋಡಬೇಕು?

ಅಲಗು ಹಿಡಿಯೊಳಗೆ ಮುಂದುವರಿಯುವ ಭಾಗ ನಕಾಗೊ. ಅದನ್ನು ಎರಡು ಹೋಳು ಮರ ಅಪ್ಪಿಕೊಂಡಿರುತ್ತದೆ. ಮರದ ಮೇಲೆ ಸಮೆಗವ, ಎಂದರೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಬಿಗಿದ ಪಟ್ಟಿ. ಇವೆಲ್ಲವನ್ನೂ ಅಡ್ಡಡ್ಡವಾಗಿ ಹಿಡಿದು ನಿಲ್ಲಿಸುವುದು ಬಿದಿರಿನ ಒಂದೇ ಒಂದು ಬೆಣೆ: ಮೆಕುಗಿ. ಅದು ಮುರಿದರೆ ಅಲಗು ಹಿಡಿ ಬಿಟ್ಟು ಹೊರಟುಹೋಗುತ್ತದೆ. ಕಡಿಯುವ ಕತ್ತಿಗೆ ಎರಡು ಮೆಕುಗಿ ಇದ್ದರೆ ಉತ್ತಮ.

ಮೊದಲು ಬೆಣೆ ನೋಡಿ. ಅದು ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ. ಸಣ್ಣ ತುದಿಯಿಂದ ಚಿಕ್ಕ ಹಿತ್ತಾಳೆ ಸುತ್ತಿಗೆಯಲ್ಲಿ ಮೆಲ್ಲನೆ ತಟ್ಟಿದರೆ ಹೊರಬರಬೇಕು. ಬರೀ ಬೆರಳಿಗೆ ಜಾರಿದರೆ ಸಡಿಲ. ಹೊರತೆಗೆದಾಗ ನಡುವೆ ಜಜ್ಜಿದ ಗುರುತು, ಬಾಗು, ಎಳೆ ಎದ್ದಿರುವುದು ಯಾವುದು ಕಂಡರೂ ಹೊಸದು ಹಾಕಿ. ಹೊಸದನ್ನು ಬಲಿತು ಚೆನ್ನಾಗಿ ಒಣಗಿದ, ಎಳೆ ದಟ್ಟವಾದ ಬಿದಿರಿನಿಂದ ಕೆತ್ತಬೇಕು. ಹೋಟೆಲಿನ ಊಟದ ಕಡ್ಡಿ, ಮೆದು ಮರ, ಕಬ್ಬಿಣದ ಮೊಳೆ ಇವು ಬೇಡ. ಲೋಹದ ಮೊಳೆ ತಾನು ಮುರಿಯದೆ ಸುತ್ತಲಿನ ಮರವನ್ನು ಸೀಳುತ್ತದೆ. ಬಿದಿರು ಮುರಿಯುವ ಮುನ್ನ ಎಳೆ ಎಳೆಯಾಗಿ ಸೂಚನೆ ಕೊಡುತ್ತದೆ.

ಆಮೇಲೆ ಹಿಡಿ ಕಳಚಿ ನಕಾಗೊ ನೋಡಿ. ಅದು ಹಿಡಿಯ ಉದ್ದದ ಮೂರರಲ್ಲಿ ಎರಡು ಪಾಲಾದರೂ ಇರಬೇಕು. ಅಲಗಿನಿಂದ ನಕಾಗೊಗೆ ತಿರುಗುವ ಮೂಲೆಯಲ್ಲಿ ಆಳ ಗೀರು, ಬೆಸುಗೆ ಇರಕೂಡದು. ಮರ ನಕಾಗೊವನ್ನು ಉದ್ದಕ್ಕೂ ಒತ್ತಿ ಹಿಡಿದಿರಬೇಕು. ಅಗ್ಗದ ಕತ್ತಿಗಳಲ್ಲಿ ರಂಧ್ರ ದೊಡ್ಡದಾಗಿ ಕೊರೆದು ಕಾಗದದ ತುಂಡು ತುರುಕಿರುತ್ತಾರೆ, ಇಲ್ಲವೆ ಎಪಾಕ್ಸಿ ಸುರಿದಿರುತ್ತಾರೆ. ಎಪಾಕ್ಸಿ ಹಾಕಿದ ಹಿಡಿಯನ್ನು ಕಳಚಲಾಗದು, ಒಳಗೆ ಮರ ಸೀಳಿದರೂ ಕಾಣದು. ಅಂಥದ್ದನ್ನು ವಾಪಸು ಮಾಡಿ.

ಸಮೆಗವ ಮರವನ್ನು ಪೂರ್ತಿ ಸುತ್ತಿದ್ದರೆ ಮರದ ಎರಡು ಹೋಳು ಬಿಚ್ಚಿಕೊಳ್ಳದಂತೆ ಕಟ್ಟು ಬೀಳುತ್ತದೆ. ಎರಡು ಪಕ್ಕ ಅಂಟಿಸಿದ ಪಟ್ಟಿಗಳಿಗೆ ಆ ಬಲವಿಲ್ಲ. ಪಟ್ಟಿಯ ಹೆಣಿಗೆ ಪ್ರತಿ ದಾಟಿಗೂ ಬಿಗಿಯಾಗಿರಬೇಕು: ಹೆಬ್ಬೆರಳಿನಿಂದ ಗಂಟನ್ನು ಪಕ್ಕಕ್ಕೆ ತಳ್ಳಿದರೆ ಕದಲಬಾರದು. ಹತ್ತಿಯ ಪಟ್ಟಿ ಬೆವರು ಹೀರುತ್ತದೆ, ಜಾರುವುದಿಲ್ಲ. ಹೊಳೆಯುವ ಸಿಂಥೆಟಿಕ್ ಪಟ್ಟಿ ಒದ್ದೆ ಕೈಗೆ ಅಪಾಯ.

ಉದ್ದ 24ರಿಂದ 27 ಸೆಂ.ಮೀ. ತ್ಸುಬಾದ ಪಕ್ಕ ಬಲಗೈಯಲ್ಲಿ ಹಿಡಿದಾಗ ಹಿಡಿಯ ತುದಿ ಮೊಣಕೈಯ ಮಡಿಕೆಯ ಹತ್ತಿರ ಬಂದರೆ ಸರಿ. ದಪ್ಪವನ್ನೂ ಗಮನಿಸಿ. ಅಡ್ಡ ಕತ್ತರಿಸಿ ನೋಡಿದರೆ ಮೊಟ್ಟೆಯ ಆಕಾರದಂತಿರಬೇಕು. ಗುಂಡಗೆ, ದಪ್ಪಗೆ ಇದ್ದರೆ ಹಿಡಿತದೊಳಗೇ ಕತ್ತಿ ತಿರುಗುತ್ತದೆ, ಅಂಚು ಎತ್ತ ನೋಡುತ್ತಿದೆ ಎಂಬುದು ಅಂಗೈಗೆ ತಿಳಿಯುವುದಿಲ್ಲ.

ತ್ಸುಬಾದ ಎರಡೂ ಕಡೆ ಸೆಪ್ಪ ಎಂಬ ತೆಳು ಬಿಲ್ಲೆಗಳಿರುತ್ತವೆ. ಮೊನೆಯನ್ನು ಜನರಿಲ್ಲದ ಕಡೆ ತಿರುಗಿಸಿ ಮೆಲ್ಲನೆ ಅಲುಗಿಸಿದಾಗ ಕಟಕಟ ಸದ್ದು ಬಂದರೆ ಎಲ್ಲೋ ಸಡಿಲವಿದೆ. ದಪ್ಪ ಸೆಪ್ಪ ಹಾಕಿದರೆ ತ್ಸುಬಾದ ಸಡಿಲ ಹೋಗುತ್ತದೆ. ಹಿಡಿಯೇ ಅಲುಗಾಡುತ್ತಿದ್ದರೆ ಸೆಪ್ಪದಿಂದ ಮುಚ್ಚಬೇಡಿ, ಹೊಸ ಹಿಡಿ ಮಾಡಿಸಿ. ಈ ಪರೀಕ್ಷೆ ಕೊಳ್ಳುವ ದಿನಕ್ಕೆ ಮುಗಿಯುವುದಿಲ್ಲ. ಪ್ರತಿ ಅಭ್ಯಾಸಕ್ಕೂ ಮುಂಚೆ, ಹತ್ತಿಪ್ಪತ್ತು ಕಡಿತಗಳ ನಡುವೆಯೂ ಒಮ್ಮೆ ಮೆಕುಗಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು.

ಒರೆ ಹೇಗಿರಬೇಕು?

ಒರೆಯನ್ನು ಕೊಂಚ ಕೆಳಮುಖ ಮಾಡಿದರೆ ಕತ್ತಿ ತಾನಾಗಿ ಜಾರಬಾರದು. ಹೆಬ್ಬೆರಳಿನಿಂದ ತ್ಸುಬ ತಳ್ಳಿದರೆ ಸಲೀಸಾಗಿ ಬಿಡಬೇಕು. ಹಬಕಿ ಎಂಬ ಬುಡದ ಲೋಹದ ಪಟ್ಟಿ ಒರೆಯ ಬಾಯಿಯಲ್ಲಿ ಬಿಗಿದು ನಿಲ್ಲುವುದರಿಂದ ಇದು ಸಾಧ್ಯ. ಸಡಿಲವಾದರೆ ಬಾಯಿಯ ಒಳಗೋಡೆಗೆ ತೆಳು ಮರದ ಸಿಬಿರು ಅಂಟಿಸಿ ಉಜ್ಜಿ ಸರಿಮಾಡಬಹುದು. ಸೆಳೆಯುವಾಗ ಅಲಗಿನ ಬೆನ್ನು ಒರೆಗೆ ಒರಗಿ ಜಾರಬೇಕು. ಅಂಚು ಒರಗಿದರೆ ಒಳಮರವನ್ನು ಕೆರೆಯುತ್ತಾ ಹೋಗಿ ಒಂದು ದಿನ ಒರೆಯನ್ನೂ ಅದನ್ನು ಹಿಡಿದ ಬೆರಳುಗಳನ್ನೂ ಸೀಳುತ್ತದೆ. ಒರೆಯ ಬಾಯಿಯಿಂದ ಮರದ ಪುಡಿ ಉದುರುತ್ತಿದ್ದರೆ ಅದು ಎಚ್ಚರಿಕೆ.

ಏನನ್ನು ಕಡಿಯಬೇಕು?

ಜಪಾನಿನಲ್ಲಿ ತಾತಾಮಿ ನೆಲಹಾಸಿನ ಮೇಲ್ಪದರ, ಇಗುಸ ಹುಲ್ಲಿನ ಚಾಪೆ. ಒಂದು ಚಾಪೆಯನ್ನು ಬಿಗಿಯಾಗಿ ಸುತ್ತಿ, ನಾಲ್ಕೈದು ಕಡೆ ಕಟ್ಟಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಕಡಿಯುವ ಮುಂಚೆ ಲಂಬವಾಗಿ ನಿಲ್ಲಿಸಿ ನೀರು ಇಳಿಸುತ್ತಾರೆ. ನಡುವೆ ಒಣಗಿದ್ದ ಸುರುಳಿ ಅಲಗನ್ನು ಹಿಡಿದು ನಿಲ್ಲಿಸುತ್ತದೆ. ಹೊಸಬರು ಅರ್ಧ ಚಾಪೆಯ ತೆಳು ಸುರುಳಿಯಿಂದ ಶುರು ಮಾಡಲಿ. ಮೊದಲ ಕಡಿತ ಕೆಸಗಿರಿ: ಓರೆಯಾಗಿ ಮೇಲಿನಿಂದ ಕೆಳಕ್ಕೆ. ಗುರಿಗೆ ತಾಗಬೇಕಾದ್ದು ಮೊನೆಯಿಂದ ಸುಮಾರು 3 ಸುನ್ ಹಿಂದಿರುವ ಮೊನೊಉಚಿ ಭಾಗ.

ಕಡಿದ ಮುಖವನ್ನು ಕೈಯಲ್ಲೆತ್ತಿ ನೋಡಿ. ಚಪ್ಪಟೆಯಾಗಿದ್ದರೆ ಹಾಸುಜಿ ನೇರವಿದೆ. ಸೌಟಿನ ಒಳಗಿನಂತೆ ತಗ್ಗಾಗಿದ್ದರೆ ಕಡಿತದ ನಡುವೆ ಮಣಿಕಟ್ಟು ತಿರುಗಿದೆ, ಬಹುತೇಕ ಬಲಗೈ ಒತ್ತಿದ್ದರಿಂದ.

ಕರ್ನಾಟಕದಲ್ಲಿ ಇಗುಸ ಸಿಗುವುದು ಕಷ್ಟ. ಹತ್ತಿ ದಾರದಲ್ಲಿ ನೇಯ್ದ ಹುಲ್ಲಿನ ಚಾಪೆಯನ್ನು ಇದೇ ರೀತಿ ನೆನೆಸಿ ಬಳಸಬಹುದು; ಪ್ಲಾಸ್ಟಿಕ್ ಅಥವಾ ನೈಲಾನ್ ದಾರದ್ದು ಬೇಡ. ಬಾಳೆದಿಂಡು ತೀರ ಮೆದು, ಕೋನದ ತಪ್ಪು ತೋರಿಸುವುದಿಲ್ಲ, ಅದರ ಸೊನೆ ಉಕ್ಕಿನ ಮೇಲೆ ಕಪ್ಪು ಕಲೆ ಬಿಡುತ್ತದೆ. ಬಿದಿರಾದರೆ ಹಸಿಯದ್ದೇ ಆಗಬೇಕು, ಗೋಡೆ ತೆಳುವಿರಬೇಕು. ಒಳಗೆ ಟೊಳ್ಳು ಕಡಿಮೆಯಿರುವ ನಮ್ಮ ಕಾಡುಗಳ ಗಟ್ಟಿ ಬಿದಿರು ಹೊಸಬರ ಗುರಿಯಲ್ಲ. ಒಣ ಬಿದಿರು ಯಾರಿಗೂ ಬೇಡ.

ಅಲಗು ಬಾಗಿದೆ, ಅಂಚು ಮುಕ್ಕಾಗಿದೆ. ಇನ್ನೂ ಬಳಸಬಹುದೆ?

ಬೆನ್ನಿನ ಮೇಲೆ ಕಣ್ಣು ಹಾಯಿಸಿದಾಗ ಕಾಣುವ ಸಣ್ಣ ಬಾಗನ್ನು ತಿಳಿದವರು ಮರದ ಅಚ್ಚಿನಲ್ಲಿಟ್ಟು ತಿದ್ದುತ್ತಾರೆ. ಮೊಣಕಾಲಿಗೆ ಒತ್ತಿ ನೀವೇ ತಿದ್ದಬೇಡಿ. ಒಂದು ಬಾಗು ಎರಡಾಗುತ್ತದೆ. ಸಣ್ಣ ಮುಕ್ಕನ್ನು ಸಾಣೆಯಲ್ಲಿ ತೆಗೆಯಬಹುದು. ಆದರೆ ಅಂಚಿನಿಂದ ಬೆನ್ನಿನ ಕಡೆಗೆ ಕೂದಲಿನಷ್ಟು ಸಣ್ಣ ಬಿರುಕು ಕಂಡರೆ, ಅದಕ್ಕೆ ಹಗಿರೆ ಎನ್ನುತ್ತಾರೆ, ಆ ಕತ್ತಿಯ ಕಡಿತ ಅಲ್ಲಿಗೆ ಮುಗಿಯಿತು. ಮುಂದಿನ ಹೊಡೆತದಲ್ಲಿ ಅದು ಅಲ್ಲೇ ಮುರಿಯಬಹುದು. ಪ್ರತಿ ಮುಕ್ಕನ್ನೂ ಭೂತಗನ್ನಡಿಯಲ್ಲಿ ನೋಡುವುದು ಇದಕ್ಕೇ.

ಸಾಣೆ ಮನೆಯಲ್ಲೇ ಹಿಡಿಯಬಹುದೆ?

ಅಂಚನ್ನು ಮಾತ್ರ, 1000ರಿಂದ 2000 ಗ್ರಿಟ್‌ನ ನೀರುಕಲ್ಲಿನಲ್ಲಿ, ಮೊದಲಿನ ಕೋನ ಬಿಡದೆ. ತಿರುಗುವ ಚಕ್ರದ ಸಾಣೆಗೆ ಕೊಟ್ಟರೆ ತೆಳು ಅಂಚು ಬಿಸಿಯಾಗಿ ಹದ ಹೋಗುತ್ತದೆ, ಮತ್ತೆ ಬಾರದು. ಅಡುಗೆ ಚಾಕುವಿನ ಎಳೆಯುವ ಸಾಣೆ ನಿಕುವನ್ನು ಕೆತ್ತಿಹಾಕುತ್ತದೆ. ಚೂಪನ್ನು ನೋಡಲು ಕಾಗದ ಕತ್ತರಿಸಿ, ಹೆಬ್ಬೆರಳು ಸವರಬೇಡಿ.

ಯಾವ ಎಣ್ಣೆ ಹಚ್ಚಬೇಕು?

ಕಡಿದ ಅಲಗು ಒದ್ದೆಯಾಗಿರುತ್ತದೆ. ಒರೆಗೆ ಹಾಕುವ ಮುನ್ನ ಬೆನ್ನಿನ ಕಡೆಯಿಂದ ಹಿಡಿದು, ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಮನೆಗೆ ಬಂದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಹಳೆಯ ಎಣ್ಣೆ ತೆಗೆದು ಹೊಸದನ್ನು ಕಾಣಿಸದಷ್ಟು ತೆಳುವಾಗಿ ಹಚ್ಚಿ. ಹೆಚ್ಚಾದರೆ ಒರೆಯೊಳಗೆ ಇಳಿದು ಧೂಳು ಹಿಡಿಯುತ್ತದೆ. ಜಪಾನಿನಲ್ಲಿ ಚೊಜಿ (ಲವಂಗದ) ಎಣ್ಣೆ ಬಳಸುತ್ತಾರೆ; ಹೊಲಿಗೆ ಯಂತ್ರದ ಬಿಳಿ ಎಣ್ಣೆ ಅಷ್ಟೇ ಚೆನ್ನಾಗಿ ಕಾಯುತ್ತದೆ. ಅಡುಗೆಯ ಎಣ್ಣೆಗಳು ಬೇಡ: ಅಂಟಾಗಿ ಗಟ್ಟಿಯಾಗುತ್ತವೆ, ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲವಿಡೀ ವಾರಕ್ಕೊಮ್ಮೆ ತೆಗೆದು ನೋಡಿ. ಅಲಗಿನ ಅಂಚು ಮೇಲೆ ಮಾಡಿ ಅಡ್ಡಲಾಗಿ ಇಡಿ.

ಹಳೆಯ ಜಪಾನಿ ಕತ್ತಿಯಲ್ಲಿ ಕಡಿಯಬಹುದೆ?

ಬೇಡ. ನೂರಾರು ವರ್ಷ ಉಳಿದು ಬಂದ ಅಲಗಿಗೆ ಒಂದು ತಪ್ಪು ಕೋನ ಸಾಕು. ಪ್ರತಿ ಬಾರಿ ತಿಕ್ಕಿ ಹೊಳಪು ಕೊಡಿಸಿದಾಗಲೂ ಅದರ ಉಕ್ಕು ಒಂದಿಷ್ಟು ಶಾಶ್ವತವಾಗಿ ಸವೆಯುತ್ತದೆ.

ಜಪಾನಿನದೇ ಕೊಳ್ಳಬೇಕೆ, ಚೀನಾದ್ದು ಸಾಕೆ?

ಜಪಾನಿನಲ್ಲಿ ಪರವಾನಗಿ ಪಡೆದ ಕಮ್ಮಾರರು ತಿಂಗಳಿಗೆ ಎರಡೇ ಉದ್ದ ಕತ್ತಿ ಮಾಡಬಹುದು. ಬೆಲೆ ಮೇಲಿರುವುದಕ್ಕೆ ಅದೂ ಒಂದು ಕಾರಣ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲೊಂಗ್‌ಚ್ವಾನ್, ಉತ್ತರದ ದಾಲಿಯಾನ್‌ನಿಂದ ಬರುವ ಕತ್ತಿಗಳೇ ಜಪಾನಿನ ಹೊರಗಿನ ದೋಜೋಗಳಲ್ಲಿ ಹೆಚ್ಚು. ಕಡಿತದ ಅಭ್ಯಾಸಕ್ಕೆ ಒಳ್ಳೆಯವೂ ಸಿಗುತ್ತವೆ, ಹಿಡಿಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಡದಿದ್ದರೆ. ಒಂದು ತೊಡಕುಂಟು: ಜಪಾನಿನ 1958ರ ಬಂದೂಕು ಮತ್ತು ಕತ್ತಿ ಕಾನೂನಿನಂತೆ ಅಲ್ಲಿ ನೋಂದಣಿಯಾಗುವುದು ಸಾಂಪ್ರದಾಯಿಕವಾಗಿ ತಯಾರಾದ ಜಪಾನಿ ಕತ್ತಿ ಮಾತ್ರ. ಚೀನೀ ಶಿಂಕೆನ್ ಹಿಡಿದು ತರಬೇತಿಗೆಂದು ಅಲ್ಲಿಗೆ ಹೋಗಲಾಗದು.

ಭಾರತದಲ್ಲಿ ಇಟ್ಟುಕೊಳ್ಳಬಹುದೆ?

ಹಣ ಕಳಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಇದು. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಲ್ಲಿ ಕತ್ತಿಗಳು ಆಯುಧಗಳ ಪಟ್ಟಿಯಲ್ಲಿವೆ; 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಇತರ ಸಾಧನಗಳೂ, ಮನೆ ಮತ್ತು ಕೃಷಿ ಬಳಕೆಯವನ್ನು ಬಿಟ್ಟು, ಅದರಲ್ಲಿ ಬರುತ್ತವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಹೊಂದುವುದಕ್ಕೂ ಪರವಾನಗಿ ಬೇಕು. ಹೊರದೇಶದಿಂದ ತರಿಸಲು ಆಮದು ಪರವಾನಗಿ ಬೇಕು. ಪೊಲೀಸ್ ಆಯುಕ್ತರ ಅಥವಾ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು: 2008ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 50 ಸೆಂ.ಮೀ. ಅಥವಾ ಹೆಚ್ಚು ಉದ್ದದ ಬಾಗಿದ ಕತ್ತಿಗಳ ಮಾರಾಟ, ಆಮದು ನಿಷಿದ್ಧ. ಸಾಂಪ್ರದಾಯಿಕವಾಗಿ ಕೈಯಿಂದ ಮಾಡಿದವಕ್ಕೂ ಸಂಘಟಿತ ಸಮರಕಲೆ ಅಭ್ಯಾಸಕ್ಕೂ ವಿನಾಯಿತಿ ಇದೆ. ಸಂಘದ ಸದಸ್ಯತ್ವದ ಕಾಗದ ಕೈಯಲ್ಲಿರಲಿ.

ಬಳಸಿದ ಕತ್ತಿ ಕೊಳ್ಳಬಹುದೆ?

ಹಿಡಿ ಕಳಚಿ ತೋರಿಸಲು ಒಪ್ಪುವವರಿಂದ ಕೊಳ್ಳಬಹುದು. ನಕಾಗೊ, ಹಿಡಿಯ ಒಳಮರ, ಮೆಕುಗಿಯ ರಂಧ್ರ, ಅಂಚಿನ ಮುಕ್ಕು, ಬೆನ್ನಿನ ನೇರ ಇವೆಲ್ಲ ಹಗಲು ಬೆಳಕಿನಲ್ಲಿ ನೋಡಿ. ಅಲಗು ಚೆನ್ನಾಗಿದ್ದು ಹಿಡಿ ಮಾತ್ರ ಸಡಿಲವಿದ್ದರೆ ಹೊಸ ಹಿಡಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಆ ಹಿಡಿ ಬರುವ ತನಕ ಕತ್ತಿ ಒರೆಯಲ್ಲೇ ಇರಲಿ.